ಲೆನಾ ನದಿಯ ಬಿಸಿಯನ್ನು ಕೆಸರಿನಲ್ಲಿ ಹುಡುಕಿದ್ದು

ಹತ್ತು ಸಾವಿರ ವರ್ಷದ ಹಿಂದೆ ಆರ್ಕ್ಟಿಕ್ ಸಮುದ್ರದ ಮಂಜುಗಡ್ಡೆ ಕರಗಿಸುವಲ್ಲಿ ಲೆನಾ ನದಿಯ ಬಿಸಿಯ ಪಾಲೆಷ್ಟು? ಕೊನೆಗೂ ಲೆಕ್ಕ ಕೂಡಿತು. ನಾಲ್ಕು ವರ್ಷ ಹಿಡಿಯಿತು. "ಹತ್ತು ಸಾವಿರ ವರ್ಷದ ಹಿಂದೆ ಮಂಜುಗಡ್ಡೆ ಕರಗಿಸಿದ್ದು ಬಿಸಿಲು. ನದಿಯ ಪಾಲನ್ನು ಬೇರೆ ಮಾಡೋಕೆ ಆಗಲ್ಲ" ಅಂದವರು ನಮ್ಮ ಗುಂಪಿನಲ್ಲೇ ಇದ್ದರು. ಅವರ ಮಾತಲ್ಲಿ ಹುರುಳಿತ್ತು. ಆಗ ಉತ್ತರದ ಬೇಸಿಗೆ ಬಿಸಿಲು ಈಗಿನದಕ್ಕಿಂತ ಸುಮಾರು 8% ಜಾಸ್ತಿ.

ನನಗೆ ಹುಚ್ಚು ಹಿಡಿಸಿದ್ದು ಒಂದು ಗುಣಾಕಾರ. ಸೈಬೀರಿಯಾದ ಲೆನಾ ವರ್ಷಕ್ಕೆ ಹೆಚ್ಚುಕಡಿಮೆ 550 ಘನ ಕಿಲೋಮೀಟರ್ ನೀರನ್ನು ಲಾಪ್ಟೆವ್ ಸಮುದ್ರಕ್ಕೆ ಸುರಿಯುತ್ತದೆ. ಅಷ್ಟೂ ನೀರು 10 ಡಿಗ್ರಿ ಇದ್ದರೆ ಒಂದು ಮೀಟರ್ ದಪ್ಪದ ಮಂಜುಗಡ್ಡೆ 70,000 ಚದರ ಕಿಲೋಮೀಟರಿಗೂ ಜಾಸ್ತಿ ಕರಗುತ್ತದೆ. ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ದೊಡ್ಡದು! ಆದರೆ ವರ್ಷದ ಸರಾಸರಿ ಹಾಕಿದ್ದೇ ತಪ್ಪು. ಜೂನ್ ಪ್ರವಾಹದಲ್ಲಿ ನೀರು ಬಹಳ, ಆದರೆ ಅದು ಆಗತಾನೇ ಕರಗಿದ ತಣ್ಣೀರು. ಬಿಸಿ ಬರುವುದು ಜುಲೈ, ಆಗಸ್ಟಿನಲ್ಲಿ. ತಿಂಗಳು ತಿಂಗಳಾಗಿ ಲೆಕ್ಕ ಹಾಕಿದಾಗ ಸುಮಾರು ಮೂರನೇ ಒಂದು ಪಾಲು ಇಳಿಯಿತು. ಉಳಿದದ್ದೂ ಸಣ್ಣದಲ್ಲ.

ಇನ್ನು ಕೆಸರು. ಅದರಲ್ಲಿ ಹುಡುಕಿದ್ದು ಐಪಿ25: ಸಮುದ್ರದ ಮಂಜುಗಡ್ಡೆಯಲ್ಲಿ ಬೆಳೆಯುವ ಪಾಚಿ ಕೆಸರಿನಲ್ಲಿ ಬಿಟ್ಟುಹೋಗುವ ರಾಸಾಯನಿಕ ಗುರುತು. ಅದು ಸೊನ್ನೆ ಬಂದರೆ ಮಂಜುಗಡ್ಡೆ ಇರಲೇ ಇಲ್ಲ ಅಂತಲೂ ಆಗಬಹುದು, ವರ್ಷವಿಡೀ ಮುಚ್ಚಿತ್ತು ಅಂತಲೂ ಆಗಬಹುದು. ಹಾಗಾಗಿ ಎಲ್ಲರಂತೆ ಜೊತೆಗೆ ತೆರೆದ ನೀರಿನ ಪಾಚಿಯ ಗುರುತಾದ ಬ್ರಾಸಿಕಾಸ್ಟೆರಾಲ್ ಅಳೆದೆ. ಒಂದೂವರೆ ವರ್ಷ ಮಣ್ಣುಪಾಲು. ನದಿ ಬಾಯಲ್ಲಿ ಅದು ಸಿಹಿನೀರಿನ ಪಾಚಿಯಿಂದಲೂ ಬರುತ್ತದೆ! ನದಿ ಉಕ್ಕಿದಾಗಲೆಲ್ಲ ಸಮುದ್ರ ತೆರೆದಿತ್ತು ಅಂತ ನನ್ನ ಸೂಚ್ಯಂಕ ಸುಳ್ಳು ಹೇಳುತ್ತಿತ್ತು. ಆಮೇಲೆ ಎಚ್‌ಬಿಐ ಟ್ರೈಈನಿಗೆ ಬದಲಾಯಿಸಿದೆ. ಇದೂ ತೆರೆದ ನೀರಿನದೇ ಗುರುತು, ಆದರೆ ಸಮುದ್ರದ ಪಾಚಿಯದ್ದು. ಅದಕ್ಕೆ ಬೆಳಕು, ಗಾಳಿ ಆಗುವುದಿಲ್ಲ. ಸೀಸೆಗಳನ್ನೆಲ್ಲ ಫಾಯಿಲಿನಲ್ಲಿ ಸುತ್ತಿಟ್ಟೆ.

ಕೆಸರಿನ ಸಾರದಲ್ಲಿ ಗಂಧಕದ ಕಾಟ ಬೇರೆ. ಅದನ್ನು ಹೀರಲು ತಾಮ್ರದ ಚೂರು ಹಾಕಿದ ಹತ್ತೇ ನಿಮಿಷಕ್ಕೆ ಕಾಡಿಗೆಯಂತೆ ಕಪ್ಪಾಗುತ್ತಿತ್ತು. ಆರು ಸಲ ಬದಲಾಯಿಸಿದ ದಿನವೂ ಇದೆ. ಒಂದು ಮಾದರಿಗೆ ಸುಮಾರು 60 ಯೂರೊ ಬಿತ್ತು. ಕೆಟ್ಟುಹೋದವೇ ಎಂಬತ್ತರ ಹತ್ತಿರ. ಸಾರವನ್ನು ಸೋಸುವ ಸಿಲಿಕಾ ಕಾಲಮ್ಮಿಗೆ ನಾನು ಹಾಕುವ ಅಳತೆಯನ್ನು ಈಗಲೇ ಹೇಳುವುದಿಲ್ಲ. ಅದರಿಂದಲೇ ಯಂತ್ರ ಬಿಡಿಸುವ ನನ್ನ ಗೆರೆಗಳು ಅಷ್ಟು ಚೊಕ್ಕ.

ನಡುವೆ ಶೀತಲ ಕೋಣೆಯಲ್ಲಿ ಒಂದು ತಟ್ಟೆ ಪ್ರಯೋಗ ಮಾಡಿದೆ. ಉಪ್ಪುನೀರಿನ ಮೇಲೆ ಮಂಜುಗಡ್ಡೆ ತೇಲಿಬಿಟ್ಟು, ಬೀಟ್‌ರೂಟ್ ಬಣ್ಣದ ಬೆಚ್ಚಗಿನ ಸಿಹಿನೀರನ್ನು ಮೆಲ್ಲಗೆ ಬಿಟ್ಟೆ. ಕೆಂಪು ನೀರು ಕೆಳಗಿಳಿಯಲೇ ಇಲ್ಲ. ತೆಳ್ಳಗೆ ಮೇಲೇ ಹರಡಿ ಗಡ್ಡೆಯ ಅಂಚನ್ನು ಕೊರೆಯಿತು. ರಾತ್ರಿ ಫ್ರೀಜರಿಗೆ ಹಾಕಿದರೆ ಮೊದಲು ಹೆಪ್ಪುಗಟ್ಟಿದ್ದೂ ಆ ಕೆಂಪು ಪದರವೇ. ಬೇಸಿಗೆಯಲ್ಲಿ ಕರಗಿಸುವ ನದಿ ಚಳಿಗಾಲಕ್ಕೆ ಗಡ್ಡೆ ಕಟ್ಟಲೂ ಸಹಾಯ ಮಾಡುತ್ತದೆ ಅಲ್ವಾ! ಇದನ್ನು ಬಿಟ್ಟು ನದಿಯ ಬಿಸಿಯ ಬಗ್ಗೆ ಮಾತಾಡಬಾರದು.

ಬಿಸಿಲಿನ ಪಾಲನ್ನು ಬೇರೆ ಮಾಡಿದ್ದು ಸಮುದ್ರತಳದ ಕೆಸರು ತುಂಬಿದ ಜೋಡಿ ಕೊಳವೆಗಳಿಂದ. ಒಂದು ಲೆನಾ ನೀರಿನ ದಾರಿಯಲ್ಲಿ, ಇನ್ನೊಂದು ದೂರದ ಪಶ್ಚಿಮದಲ್ಲಿ. ಎರಡಕ್ಕೂ ಬಿಸಿಲು ಹೆಚ್ಚುಕಡಿಮೆ ಒಂದೇ. ಆಗ ಸಮುದ್ರ ಏರುತ್ತಿತ್ತು, ನದಿಯ ಬಾಯಿ ದಕ್ಷಿಣಕ್ಕೆ ಸರಿಯುತ್ತಿತ್ತು. ಅದಕ್ಕೆ ನದಿ ಹೊತ್ತು ತರುವ ನೆಲದ ಗಿಡಗಳ ಎಲೆಮೇಣ ಎಷ್ಟಿದೆ ಅಂತ ನೋಡಿ ನದಿಯ ದೂರವನ್ನೂ ತಿದ್ದಿದೆ. ಎಲ್ಲ ತಿದ್ದಿದ ಮೇಲೆ, ಸೈಬೀರಿಯಾದ ನೆಲ ಬೆಚ್ಚಗಿದ್ದ ಕಾಲದ ಪದರಗಳಲ್ಲಿ ಲೆನಾ ಬದಿಯ ಐಪಿ25 ಸುಮಾರು ಮೂರನೇ ಒಂದು ಪಾಲು ಕುಸಿಯಿತು. ಪಶ್ಚಿಮದಲ್ಲಿ ಅಲುಗಲಿಲ್ಲ. ಮೂರು ಸಲ ಮತ್ತೆ ಓಡಿಸಿದೆ. ಮೂರೂ ಸಲ ಅದೇ ಬಂತು.

ಈಗ ಯೆನಿಸೇ ನದಿಯ ಕೆಸರು ಫ್ರೀಜರಿನಲ್ಲಿದೆ. ಮುಂದಿನ ತಿಂಗಳು ತೆರೆಯುತ್ತೇನೆ.