ಎಂಬತ್ತನಾಲ್ಕು ಜಡೆಗಳು

ಸಂಕ್ರಾಂತಿ ಕಳೆದ ಮೇಲಿನ ಭಾನುವಾರ ಬೆಳಿಗ್ಗೆ ಹಿತ್ತಿಲಿನ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತೆ. ಹಿಂದೆ ತಂಗಿ, ಮುಂದೆ ಕನ್ನಡಿ, ಮಡಿಲಲ್ಲಿ ಚೂಪು ಹಿಡಿಯ ಬಾಚಣಿಗೆ. ಸಂಜೆಯ ಹೊತ್ತಿಗೆ ಅರ್ಧ ತಲೆ ಮಾತ್ರ ಮುಗಿದಿತ್ತು. ಉಳಿದದ್ದನ್ನು ಮರುದಿನ ಮುಗಿಸಿದೆವು. ಒಟ್ಟು 84 ಜಡೆ. ಅದಾಗಿ ಇಪ್ಪತ್ತು ತಿಂಗಳಾಯಿತು, ಎರಡನೆಯ ಮಳೆಗಾಲ ಮುಗಿಯುತ್ತಿದೆ. ಅವು ಈಗ ಜಡೆಗಳಲ್ಲ, ಜಟೆಗಳು. ಹೊರದೇಶಗಳಲ್ಲಿ ಲಾಕ್ಸ್, ಡ್ರೆಡ್‌ಲಾಕ್ಸ್ ಎಂದು ಕರೆಯುವುದಕ್ಕೆ ನಾನು ಜಟೆ ಎಂದೇ ಹೇಳುತ್ತೇನೆ.

ನಾನು ಯಲ್ಲಾಪುರ ತಾಲ್ಲೂಕಿನ ಸಿದ್ದಿ ಹೆಣ್ಣುಮಗಳು. ನಮ್ಮ ಹಿರಿಯರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗೋವೆಗೆ ಗುಲಾಮರಾಗಿ ತಂದರು. ತಪ್ಪಿಸಿಕೊಂಡು ಬಂದವರು ಘಟ್ಟದ ಕಾಡು ಸೇರಿದರು. ಅವರಿಂದ ನನಗೆ ಬಂದದ್ದರಲ್ಲಿ ದಿನವೂ ಕೈಗೆ ಸಿಗುವುದು ಈ ಕೂದಲು. ಶಾಲೆಯಲ್ಲಿ ಎಣ್ಣೆ ಹಚ್ಚಿ ಎರಡು ಜಡೆ ಹಾಕಿಕೊಂಡು ಬರಬೇಕಿತ್ತು. ಅವ್ವ ಬೆಳಿಗ್ಗೆ ಎಳೆದೆಳೆದು ಬಾಚುವಾಗ ಬಾಚಣಿಗೆಯ ಹಲ್ಲು ಮುರಿಯುತ್ತಿತ್ತು, ನಾನು ಅಳುತ್ತಿದ್ದೆ. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಪೇಟೆಯ ಒಂದು ಪಾರ್ಲರಿನಲ್ಲಿ ಔಷಧಿ ಹಚ್ಚಿಸಿ ಕೂದಲು ನೇರ ಮಾಡಿಸಿಕೊಂಡೆ. ನೆತ್ತಿಯ ಚರ್ಮ ಸುಟ್ಟು ಹೊಪ್ಪಳಿಕೆ ಎದ್ದಿತು, ಎರಡೇ ತಿಂಗಳಲ್ಲಿ ಕೂದಲು ನಡುವಿನಲ್ಲಿ ಮುರಿಯತೊಡಗಿತು. ಎಲ್ಲವನ್ನೂ ಗಿಡ್ಡಕ್ಕೆ ಕತ್ತರಿಸಿ ಹೊಸದಾಗಿ ಬೆಳೆಯಲು ಬಿಟ್ಟೆ. ಎಳೆದು ಹಿಡಿದರೆ ಐದು ಇಂಚು ಬರುವಷ್ಟಾದಾಗ ಈ ಕೆಲಸಕ್ಕೆ ಕೈ ಹಾಕಿದೆ. ಔಷಧಿ ತಗುಲಿದ ಕೂದಲಿನ ತುದಿ ಉಳಿದಿದ್ದರೆ ಅದನ್ನು ಕತ್ತರಿಸದೆ ಆರಂಭಿಸಬೇಡಿ. ನೇರವಾದ ತುದಿ ಗಂಟು ಹಿಡಿಯುವುದೇ ಇಲ್ಲ.

ಜಡೆ ತಾನಾಗಿ ಜಟೆಯಾಗುವುದು ಹೇಗೆಂದು ತಿಳಿದುಕೊಂಡರೆ ಮುಂದಿನದೆಲ್ಲ ಸುಲಭ. ಯಾರ ತಲೆಯಿಂದಾದರೂ ದಿನಕ್ಕೆ ಐವತ್ತರಿಂದ ನೂರು ಕೂದಲು ಉದುರುತ್ತವೆ. ಬಾಚಿದರೆ ಅವು ಬಾಚಣಿಗೆಗೆ ಬರುತ್ತವೆ. ಬಾಚದೆ ಜಡೆಯೊಳಗೆ ಬಿಟ್ಟರೆ ಅಲ್ಲಿಯೇ ಉಳಿದು, ಸುರುಳಿ ಸುರುಳಿಯಾಗಿ ಇತರ ಎಳೆಗಳಿಗೆ ಸುತ್ತಿಕೊಂಡು ಹೆಣೆದುಕೊಳ್ಳುತ್ತವೆ. ನಮ್ಮ ಕೂದಲು ಚಪ್ಪಟೆ, ಹೆಜ್ಜೆಹೆಜ್ಜೆಗೂ ತಿರುಗುವಂಥದ್ದು. ಹಾಗಾಗಿ ಮೂರೆಳೆಯ ಜಡೆ ಅದಕ್ಕೆ ಬೇಕಾದ ಚೌಕಟ್ಟು ಕೊಡುತ್ತದೆ, ಉಳಿದ ಹೆಣಿಗೆಯನ್ನು ಕೂದಲೇ ಮಾಡಿಕೊಳ್ಳುತ್ತದೆ. ನೇರ ಕೂದಲಿನವರಿಗೆ ನನ್ನ ವಿಧಾನ ಸಾಲದು. ಅವರು ಕ್ರೋಶಾ ಸೂಜಿಯಿಂದ ಎಳೆಗಳನ್ನು ಒಳಗೊಳಗೆ ಎಳೆದು ಹೆಣೆಯಬೇಕಾಗುತ್ತದೆ. ಆ ಕೆಲಸ ನಾನು ಮಾಡಿಲ್ಲ.

ಮೊದಲ ಪ್ರಯತ್ನ ಕೆಟ್ಟಿತು. ನಮ್ಮ ಕಡೆ ತಲೆ ತೊಳೆಯಲು ದಾಸವಾಳದ ಸೊಪ್ಪನ್ನು ಕಿವುಚಿ ಲೋಳೆ ತೆಗೆಯುತ್ತಾರೆ. ಅದಕ್ಕಿಂತ ಹಿತವಾದದ್ದು ಇನ್ನೊಂದಿಲ್ಲ, ಕೂದಲು ಬೆಣ್ಣೆಯಂತಾಗುತ್ತದೆ. ಆದರೆ ಜಡೆ ನಿಲ್ಲಲು ಬೇಕಾದದ್ದು ಬೆಣ್ಣೆಯಲ್ಲ, ಒರಟುತನ. ಆ ಲೋಳೆಯಲ್ಲಿ ತೊಳೆದು ಹಾಕಿದ ಹನ್ನೆರಡು ಜಡೆಗಳು ಮರುದಿನವೇ ಜಾರಿ ಬಿಚ್ಚಿಕೊಂಡವು. ಕಂಡೀಷನರ್ ಹಾಕಿದರೂ ಇದೇ ಕಥೆ. ಎರಡನೆಯ ಸಲ ಅಂಟುವಾಳದ ಕಾಯಿಯನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ನೊರೆ ಬರಿಸಿ, ಬಟ್ಟೆಯಲ್ಲಿ ಎರಡು ಸಲ ಸೋಸಿ ತೊಳೆದೆ. ಕೂದಲು ಶುದ್ಧವಾಗಿ, ಕರಕರ ಎನ್ನುವಂತಾಯಿತು. ಸೀಗೆಪುಡಿ ಮಾತ್ರ ಬೇಡವೇ ಬೇಡ. ಅದರ ಕಣ ಜಟೆಯೊಳಗೆ ಹೊಕ್ಕರೆ ಹೊರಗೆ ಬರುವುದಿಲ್ಲ.

ಇಡೀ ಕೆಲಸದಲ್ಲಿ ಅತಿ ಹೆಚ್ಚು ತಾಳ್ಮೆ ಬೇಕಾದದ್ದು ಬೈತಲೆ ತೆಗೆಯುವುದಕ್ಕೆ. ಇವತ್ತು ತೆಗೆದ ಬೈತಲೆ ಮುಂದೆ ವರ್ಷಗಟ್ಟಲೆ ಹಾಗೆಯೇ ಇರುತ್ತದೆ. ಹೆಡತಲೆಯಿಂದ ಶುರುಮಾಡಿ ಸಾಲುಸಾಲಾಗಿ ಮೇಲಕ್ಕೆ ಬಂದೆವು. ಒಂದೊಂದು ಚೌಕವೂ ಸುಮಾರು ಒಂದು ಇಂಚು. ಚೌಕಗಳನ್ನು ಒಂದರ ಮೇಲೊಂದು ನೇರವಾಗಿ ಇಡದೆ, ಗೋಡೆ ಕಟ್ಟುವಾಗ ಕೆಳಗಿನ ಇಟ್ಟಿಗೆಗಳ ಸಂದಿಯ ಮೇಲೆ ಮೇಲಿನ ಇಟ್ಟಿಗೆಯ ನಡು ಬರುವಂತೆ ಇಡುತ್ತಾರಲ್ಲ, ಹಾಗೆ ಇಟ್ಟೆವು. ಹೀಗೆ ಮಾಡಿದರೆ ತಲೆಯ ಚರ್ಮ ಗೆರೆಗೆರೆಯಾಗಿ ಕಾಣುವುದಿಲ್ಲ. ಪ್ರತಿ ಚೌಕಕ್ಕೂ ನೀರು, ಒಂದಿಷ್ಟು ಲೋಳೆಸರದ ತಿರುಳು, ಅಷ್ಟೇ. ಮೇಣ, ಜೆಲ್ಲಿ, ಗಟ್ಟಿ ಕ್ರೀಮು ಏನೂ ಇಲ್ಲ. ಮೇಣ ಒಮ್ಮೆ ಒಳಗೆ ಸೇರಿದರೆ ಧೂಳನ್ನೂ ತೇವವನ್ನೂ ಹಿಡಿದಿಡುತ್ತದೆ. ಜಡೆಯ ತುದಿ ಒಂದಿಂಚು ಉಳಿದಾಗ ಹೆಣೆಯುವುದನ್ನು ನಿಲ್ಲಿಸಿ, ಬೆರಳಿಗೆ ಸುತ್ತಿ ಸುರುಳಿ ಮಾಡಿ ಬಿಟ್ಟೆವು. ರಬ್ಬರು ಹಾಕಲಿಲ್ಲ.

ತಂಗಿಗೆ ಅಚ್ಚುಕಟ್ಟಿನ ಆಸೆ. ಹಣೆಯ ಅಂಚಿನ ಜಡೆಗಳನ್ನು ಬಿಗಿಯಾಗಿ ಎಳೆದು ಹಾಕಿದಳು. ಆ ರಾತ್ರಿ ತಲೆನೋವಿನಿಂದ ನಿದ್ದೆ ಬರಲಿಲ್ಲ, ಮೂರನೆಯ ದಿನ ಕೂದಲಿನ ಬುಡದಲ್ಲಿ ಬಿಳಿ ಮೊನೆಯ ಸಣ್ಣ ಗುಳ್ಳೆಗಳು ಎದ್ದವು. ಅಂಚಿನ ಹತ್ತನ್ನೂ ಬಿಚ್ಚಿ, ಒಂದು ವಾರ ಬಿಟ್ಟು, ಸಡಿಲವಾಗಿ ಮತ್ತೆ ಹಾಕಿದೆವು. ದಯವಿಟ್ಟು ನೋವನ್ನು ಸಹಿಸಿಕೊಳ್ಳಬೇಡಿ. ಎಳೆತ ಹೀಗೆಯೇ ಮುಂದುವರಿದರೆ ಹಣೆಯ ಅಂಚಿನ ಕೂದಲು ಉದುರಿ, ಬುಡವೇ ಸತ್ತು, ಮತ್ತೆ ಹುಟ್ಟದಂತಾಗುತ್ತದೆ.

ಮೂರು ವಾರ ತಲೆಗೆ ನೀರು ಹಾಕಲಿಲ್ಲ. ನಾಲ್ಕನೆಯ ವಾರ ತಲೆಗೆ ತೆಳ್ಳನೆಯ ಬಟ್ಟೆ ಬಿಗಿದು, ಅದರ ಮೇಲಿಂದಲೇ ಅಂಟುವಾಳದ ನೀರು ಸುರಿದು, ಉಜ್ಜದೆ ಒತ್ತಿ ಒತ್ತಿ ತೊಳೆದೆ. ಬಟ್ಟೆ ಬಿಚ್ಚಿದಾಗ ಎಲ್ಲ ಜಡೆಗಳೂ ಕೆದರಿಕೊಂಡಿದ್ದವು. ಅವ್ವನಿಗೆ ಅದು ಸಹಿಸಲಾಗಲಿಲ್ಲ. ಅಂಗೈ ತುಂಬ ಕೊಬ್ಬರಿ ಎಣ್ಣೆ ತಂದಳು. ನಾನು ಬೇಡವೆಂದೆ. ಆ ಕೆದರುವಿಕೆಯೇ ಹೆಣಿಗೆಗೆ ಬೇಕಾದ ಸಾಮಗ್ರಿ ಎಂದು ಅವಳಿಗೆ ಹೇಳಿ ಒಪ್ಪಿಸಲು ನಾಲ್ಕು ತಿಂಗಳು ಹಿಡಿಯಿತು. ನಾಲ್ಕನೆಯ ತಿಂಗಳಲ್ಲಿ ಒಂದು ಜಡೆಯ ನಡುವೆ ಗೋಧಿ ಕಾಳಿನಷ್ಟು ಗಟ್ಟಿ ಗಂಟು ಬೆರಳಿಗೆ ಸಿಕ್ಕಿತು. ಅವಳ ಬೆರಳನ್ನೂ ಅಲ್ಲಿಗೆ ಒಯ್ದು ಮುಟ್ಟಿಸಿದೆ. ಮೊದಲ ಮೊಗ್ಗು ಅದು. ಆಮೇಲೆ ಒಂದೊಂದಾಗಿ ಎಲ್ಲ ಜಡೆಗಳೂ ಉಬ್ಬಿದವು, ಉಬ್ಬುತ್ತ ಗಿಡ್ಡವಾದವು. ಭುಜದ ಹತ್ತಿರ ಬರುತ್ತಿದ್ದದ್ದು ಕಿವಿಯ ಕೆಳಗೆ ನಿಂತಿತು. ಇದನ್ನು ಮೊದಲೇ ತಿಳಿದಿದ್ದರೆ ಅಷ್ಟು ಗಾಬರಿಯಾಗುತ್ತಿರಲಿಲ್ಲ.

ಆರು ವಾರಕ್ಕೊಮ್ಮೆ ಹೊಸದಾಗಿ ಬೆಳೆದ ಬುಡವನ್ನು ಒದ್ದೆ ಮಾಡಿ ಬೆರಳಿನಿಂದ ಹೊಸೆಯುತ್ತೇನೆ. ಬಲಕ್ಕೆ ಹೊಸೆದರೆ ಪ್ರತಿ ಸಲವೂ ಬಲಕ್ಕೇ. ಇದಕ್ಕಿಂತ ಬೇಗ ಬೇಗ ಹೊಸೆದರೆ ಬುಡ ತೆಳ್ಳಗಾಗಿ ಜಟೆ ಅಲ್ಲಿಯೇ ಕಡಿದುಹೋಗುತ್ತದೆ. ಹೊಸೆದ ಬುಡ ದುಂಡಗಿರುತ್ತದೆ, ಕೆಳಗಿನ ಜಡೆ ಚಪ್ಪಟೆ. ನನ್ನ ಜಟೆಗಳಲ್ಲಿ ಜಡೆಯ ಹೆಣಿಗೆಯ ಗುರುತು ಇಂದಿಗೂ ಕಾಣುತ್ತದೆ, ನನಗೆ ಅದು ಇಷ್ಟ. ಮೊದಲ ದಿನದಿಂದ ದುಂಡಗೇ ಬೇಕೆನ್ನುವವರು ಜಡೆಯ ಬದಲು ಎರಡೆಳೆ ಹೊಸೆದು ಆರಂಭಿಸುವುದು ಒಳ್ಳೆಯದು.

ಮಳೆಗಾಲವೇ ದೊಡ್ಡ ಪರೀಕ್ಷೆ. ಜೂನ್‌ನಿಂದ ನಮ್ಮಲ್ಲಿ ಬಟ್ಟೆಯೇ ಒಣಗುವುದಿಲ್ಲ. ಜಟೆ ಮೇಲೆ ಒಣಗಿದರೂ ನಡುವೆ ತೇವ ಉಳಿದು ಬೂಷ್ಟು ಹಿಡಿಯುತ್ತದೆ, ಹಿಡಿದರೆ ಆ ವಾಸನೆ ಬಿಡಿಸುವುದು ಬಲು ಕಷ್ಟ. ಮೊದಲ ಜುಲೈನಲ್ಲಿ ಒಲೆಯ ಮುಂದೆ ಕುಳಿತು ಒಣಗಿಸಿದೆ. ಎರಡು ವಾರ ಹೊಗೆಯ ವಾಸನೆ ಹೋಗಲಿಲ್ಲ. ಈಗ ಬೆಳಿಗ್ಗೆಯೇ ತೊಳೆಯುತ್ತೇನೆ, ಹಳೆಯ ಹತ್ತಿ ಸೀರೆಯಲ್ಲಿ ಒಂದೊಂದನ್ನೂ ಹಿಂಡುತ್ತೇನೆ, ಕರೆಂಟ್ ಇದ್ದಾಗ ಹೇರ್ ಡ್ರೈಯರಿನ ತಂಪು ಗಾಳಿ ಹಿಡಿಯುತ್ತೇನೆ. ಒದ್ದೆ ತಲೆಯಲ್ಲಿ ಎಂದೂ ಮಲಗುವುದಿಲ್ಲ. ಮಲಗುವಾಗ ರೇಷ್ಮೆಯ ಬಟ್ಟೆ ಕಟ್ಟುತ್ತೇನೆ. ಅಜ್ಜಿ ಹೊಲಿದ ಕೌದಿ ನನಗೆ ಪ್ರಾಣ, ಆದರೆ ಹಳೆಯ ಸೀರೆಗಳ ನೂಲಿನ ಎಳೆ ಜಟೆಯೊಳಗೆ ಹೊಕ್ಕು ಬಿಳಿ ಚುಕ್ಕೆಯಾಗಿ ಕೂರುತ್ತದೆ. ಅದೇ ಮಳೆಗಾಲದಲ್ಲಿ ಬುಡಗಳನ್ನು ಬೇರೆ ಬೇರೆ ಮಾಡುವುದನ್ನು ಒಂದು ತಿಂಗಳು ಮರೆತೆ, ಹೆಡತಲೆಯಲ್ಲಿ ಎರಡು ಜಟೆ ಕೂಡಿಕೊಂಡವು. ಹಾಗೆಯೇ ಬಿಟ್ಟೆ. ಈಗ ಲೆಕ್ಕ 83.

ಧಾರವಾಡದ ಬಸ್‌ನಲ್ಲಿ ಒಬ್ಬ ಹಿರಿಯ ಹೆಂಗಸು ನನ್ನ ತಲೆ ನೋಡಿ ಕೈ ಮುಗಿದರು. "ಇದು ಎಲ್ಲಮ್ಮ ತಾಯಿಯ ಜಡೆ ಅಲ್ಲವೇನು ತಂಗೀ?" ಎಂದರು. ಆ ಭಾಗದಲ್ಲಿ ಹುಡುಗಿಯ ಕೂದಲು ಗಂಟುಗಟ್ಟಿದರೆ ದೇವಿಯ ಕರೆ ಎಂದು ನಂಬಿ, ಅವಳನ್ನು ದೇವದಾಸಿಯಾಗಿ ಬಿಟ್ಟ ಉದಾಹರಣೆಗಳಿವೆ. ಮುತ್ತು ಕಟ್ಟುವುದನ್ನು, ಅಂದರೆ ಹೀಗೆ ದೇವಿಗೆ ಬಿಡುವುದನ್ನು, ನಿಷೇಧಿಸಿ ರಾಜ್ಯವು 1982ರ ಕಾಯ್ದೆಯನ್ನು ತಂದಿತು. ಅವರ ಪಕ್ಕದಲ್ಲಿಯೇ ಕುಳಿತು, "ಅಲ್ಲ ಅಮ್ಮಾ, ನಾನೇ ಕೈಯಾರೆ ಹಾಕಿಕೊಂಡದ್ದು, ನೀರು ಹಾಕಿ ತೊಳೆಯುತ್ತೇನೆ, ಹೇನಿಲ್ಲ, ನೋವಿಲ್ಲ" ಎಂದು ಒಂದು ಜಟೆಯನ್ನು ಅವರ ಕೈಗೆ ಕೊಟ್ಟೆ. ಅವರು ಹಳಿಯಾಳ ಬರುವವರೆಗೂ ಹೇಗೆ ಹಾಕುವುದೆಂದು ಕೇಳುತ್ತಲೇ ಇದ್ದರು.

ಬರುವ ಸಂಕ್ರಾಂತಿಯ ನಂತರ ತಂಗಿಯ ಸರದಿ. ಅವಳ ಸುರುಳಿ ನನ್ನದಕ್ಕಿಂತ ಸಡಿಲ, ಆದ್ದರಿಂದ ಚೌಕಗಳನ್ನು ಇನ್ನಷ್ಟು ಚಿಕ್ಕದು ಮಾಡಿ ನೂರರ ಸುತ್ತ ಜಡೆ ಹಾಕಬೇಕು, ತುದಿಗಳಿಗೆ ಮೊದಲ ಕೆಲವು ತಿಂಗಳು ನೂಲು ಕಟ್ಟಬೇಕು. ಹೆಡತಲೆಯ ಸಾಲುಗಳನ್ನು ತಾನೇ ಹಾಕುತ್ತೇನೆಂದು ಅವ್ವ ಈಗಲೇ ಹೇಳಿದ್ದಾಳೆ.