ಹಳೆಯ ಪತ್ರಿಕೆಗಳ ಡೇಟಾಬೇಸ್‌ನಲ್ಲಿ ಸಿನಿಮಾ ವಿಮರ್ಶೆ ಸಿಗದಿದ್ದಾಗ

ಹುಡುಕಾಟ ಸೊನ್ನೆ ತೋರಿಸಿತೆಂದು ವಿಮರ್ಶೆಯೇ ಇಲ್ಲ ಅಂದುಕೊಳ್ಳಬೇಡಿ. ಮೊದಲು ‘ವಿಮರ್ಶೆ’ ಫಿಲ್ಟರ್ ತೆಗೆಯಿರಿ. ಎಷ್ಟೋ ವಿಮರ್ಶೆಗಳು ಬರೀ ‘ಲೇಖನ’ ಎಂದು ದಾಖಲಾಗಿರುತ್ತವೆ. ಆಮೇಲೆ ನಿರ್ದೇಶಕರ ಜೊತೆ ಒಬ್ಬ ನಟರ ಹೆಸರು ಸೇರಿಸಿ ಪೂರ್ಣಪಠ್ಯದಲ್ಲಿ (ಶೀರ್ಷಿಕೆಯಲ್ಲಷ್ಟೇ ಅಲ್ಲ, ಇಡೀ ಬರಹದಲ್ಲಿ) ಹುಡುಕಿ.

ಹೆಸರು, ವರ್ಷ ಎರಡೂ ಕೈಕೊಡುತ್ತವೆ. ಇಟಲಿಯಲ್ಲಿ 1948ರಲ್ಲಿ ಬಂದ ‘ಬೈಸಿಕಲ್ ಥೀವ್ಸ್’ ಅಮೆರಿಕದಲ್ಲಿ 1949ರ ಡಿಸೆಂಬರ್‌ನಲ್ಲಿ ‘ದ ಬೈಸಿಕಲ್ ಥೀಫ್’ ಆಗಿ ತೆರೆಕಂಡಿತು. ಹಾಗಾಗಿ ಬಿಡುಗಡೆಯ ನಂತರದ ಎರಡು ವರ್ಷಗಳನ್ನೂ ಹುಡುಕಾಟಕ್ಕೆ ಸೇರಿಸಿ.

ಸ್ಕ್ಯಾನ್ ಪುಟಗಳಲ್ಲಿ ಅಕ್ಷರ ಗುರುತಿಸುವ ತಂತ್ರಾಂಶ ಹೆಸರುಗಳನ್ನೇ ಕೆಡಿಸುತ್ತದೆ (ಅದಕ್ಕೆ ಹೆಸರುಗಳ ಮೇಲೇ ಹಗೆ!), ಉಲ್ಲೇಖಿಸುವ ಮುನ್ನ ಪುಟದ ಚಿತ್ರವನ್ನೇ ನೋಡಿ.

ಫ್ರೀಲಾನ್ಸ್ ಲೇಖಕರ ಬರಹಗಳನ್ನು ಅವರ ಅನುಮತಿಯಿಲ್ಲದೆ ಡೇಟಾಬೇಸ್‌ಗೆ ಹಾಕುವಂತಿಲ್ಲ ಎಂದ ಅಮೆರಿಕದ ಸುಪ್ರೀಂ ಕೋರ್ಟ್‌ನ 2001ರ ಟಸೀನಿ ತೀರ್ಪಿನ ನಂತರ ಅಂಥವರ ಅನೇಕ ಬರಹಗಳು ಡೇಟಾಬೇಸ್‌ಗಳಿಂದ ಮಾಯವಾದವು. ಅಂಥ ಬರಹಗಳಿಗೆ ಮೈಕ್ರೋಫಿಲ್ಮ್ (ಪತ್ರಿಕೆಯ ಪುಟಗಳನ್ನು ಪುಟ್ಟದಾಗಿ ಸೆರೆಹಿಡಿದ ಫಿಲ್ಮ್ ಸುರುಳಿ) ತಿರುಗಿಸಬೇಕು.