ಬೇಟೆ ನಿಷೇಧದ ಪ್ರಶ್ನೆಯನ್ನು ಗ್ರಾಮಸಭೆಯಲ್ಲಿ ಮಂಡಿಸುವ ಬಗೆ

ಮಲೆನಾಡಿನ ಗ್ರಾಮಸಭೆಯಲ್ಲಿ ಕಾಡುಹಂದಿಯ ಮಾತು ಬಂದರೆ ‘ಬೇಟೆ ನಿಷೇಧ ತೆಗೆಯಿರಿ’ ಎಂಬ ಕೂಗು ಏಳುತ್ತದೆ; ‘ಕಾನೂನಿನಲ್ಲಿ ಅವಕಾಶವಿಲ್ಲ’ ಎಂಬ ಉತ್ತರ ಬರುತ್ತದೆ; ಚರ್ಚೆ ಅಲ್ಲಿಗೇ ನಿಲ್ಲುತ್ತದೆ. ಇವೆರಡೂ ಪೂರ್ತಿ ಸರಿಯಾದ ಮಾತುಗಳಲ್ಲ. ಏನನ್ನು ಕೇಳಬೇಕು, ಯಾರನ್ನು ಕೇಳಬೇಕು ಎಂಬುದನ್ನು ತಿಳಿದುಕೊಂಡೇ ಸಭೆಗೆ ಹೋಗಬೇಕು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ. ಆದರೆ 11ನೇ ಸೆಕ್ಷನ್ನಿನ ಪ್ರಕಾರ, ಎರಡನೇ ಅನುಸೂಚಿಯ (ಕಾಯ್ದೆಗೆ ಲಗತ್ತಿಸಿದ ಎರಡನೇ ಪಟ್ಟಿಯ) ಪ್ರಾಣಿ ಮನುಷ್ಯರ ಜೀವಕ್ಕೆ ಅಥವಾ ಹೊಲದಲ್ಲಿ ನಿಂತ ಬೆಳೆಯೂ ಸೇರಿದಂತೆ ಆಸ್ತಿಗೆ ಅಪಾಯಕಾರಿಯಾಗಿದೆ ಎಂದು ಮನವರಿಕೆಯಾದರೆ, ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ ಲಿಖಿತ ಕಾರಣ ಕೊಟ್ಟು ಅದನ್ನು ಬೇಟೆಯಾಡಲು ಅನುಮತಿಸಬಹುದು. 2022ರ ತಿದ್ದುಪಡಿಯ ನಂತರ ಕಾಡುಹಂದಿ ಇರುವುದು ಇದೇ ಅನುಸೂಚಿಯಲ್ಲಿ. ಆನೆ, ಕಾಟಿ (ಕಾಡುಕೋಣ), ನವಿಲುಗಳು ಮೊದಲನೆಯದರಲ್ಲಿವೆ. ಅವುಗಳ ವಿಷಯದಲ್ಲಿ ಬೆಳೆಹಾನಿಯೊಂದೇ ಕಾರಣವಾಗಲಾರದು. ಆದ್ದರಿಂದ ಅವುಗಳಿಗಾಗಿ ಕಂದಕ, ಬೇಲಿ ಮತ್ತು ಪರಿಹಾರವನ್ನೇ ಕೇಳಬೇಕು. ಎಲ್ಲ ಪ್ರಾಣಿಗಳನ್ನೂ ಒಂದೇ ಠರಾವಿನಲ್ಲಿ ಸೇರಿಸಿದರೆ ಹಂದಿಯ ಬೇಡಿಕೆಯೂ ಮೂಲೆಗೆ ಬೀಳುತ್ತದೆ.

ಇನ್ನೊಂದು ದಾರಿ 62ನೇ ಸೆಕ್ಷನ್. ಇದರಡಿ ಪ್ರಾಣಿಯನ್ನು ನಿರ್ದಿಷ್ಟ ಪ್ರದೇಶದಲ್ಲಿ, ನಿರ್ದಿಷ್ಟ ಅವಧಿಗೆ ಉಪದ್ರವಕಾರಿ (ಅಂದರೆ ಬೇಟೆ ನಿಷೇಧದಿಂದ ಹೊರಗಿನದು) ಎಂದು ಘೋಷಿಸುವ ಅಧಿಕಾರ ಕೇಂದ್ರ ಸರ್ಕಾರದ್ದು. ಬಿಹಾರದ ನೀಲಗಾಯ್, ಉತ್ತರಾಖಂಡದ ಕಾಡುಹಂದಿ, ಹಿಮಾಚಲದ ಕೋತಿಗಳ ವಿಷಯದಲ್ಲಿ ಹೀಗೆ ಮಾಡಿದಾಗ, 2016ರಲ್ಲಿ ಒಂದೇ ಕೇಂದ್ರ ಸಂಪುಟದ ಸಚಿವರಾಗಿದ್ದ ಮೇನಕಾ ಗಾಂಧಿ ಮತ್ತು ಪ್ರಕಾಶ್ ಜಾವಡೇಕರ್ ಬಹಿರಂಗವಾಗಿಯೇ ಭಿನ್ನಮತ ತೋರಿದರು. ಕೇರಳ 2022ರಲ್ಲಿ ಕೇಂದ್ರದ ಘೋಷಣೆಗೆ ಕಾದು ಕೂರದೆ, 11ನೇ ಸೆಕ್ಷನ್ನಿನ ಅಧಿಕಾರವನ್ನು ಸ್ಥಳೀಯ ಸಂಸ್ಥೆಗಳ ಅಧ್ಯಕ್ಷರ ಕೈಗೆ ಕೊಡುವ ದಾರಿ ಹಿಡಿಯಿತು. ನಮ್ಮ ಠರಾವೂ ಇದೇ ಜಾಡಿನಲ್ಲಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಅನುಮತಿ ಸಿಗುವುದು ಗೊತ್ತುಪಡಿಸಿದ ಪ್ರದೇಶಕ್ಕೆ ಮಾತ್ರ. ಆದಕಾರಣ ಹಾನಿಯಾದ ಪ್ರತಿ ಜಮೀನಿನ ಸರ್ವೆ ನಂಬರನ್ನು ಠರಾವಿಗೆ ಲಗತ್ತಿಸಬೇಕು. ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿ ಹಿಂಡು ಬಂದುಹೋದ ಗದ್ದೆಯಲ್ಲಿ ಪೈರು ಮಗ್ಗುಲಾಗಿ ಮಲಗಿರುತ್ತದೆ, ಬದುವಿನ ಮಣ್ಣು ಮೂತಿಯಿಂದ ಉತ್ತಂತೆ ಎದ್ದಿರುತ್ತದೆ. ಬಿಸಿಲೇರಿ ಕೆಸರು ಒಣಗುವ ಮೊದಲೇ, ಗೊರಸಿನ ಗುರುತಿನ ಪಕ್ಕದಲ್ಲಿ ಕತ್ತಿಯನ್ನೋ ಅಳತೆಪಟ್ಟಿಯನ್ನೋ ಇಟ್ಟು, ತಾರೀಖು ಮೂಡುವಂತೆ ಫೋಟೊ ತೆಗೆಯಿರಿ. ಅದೇ ದಿನ ವಲಯ ಅರಣ್ಯಾಧಿಕಾರಿಯ ಕಚೇರಿಗೆ ಪಹಣಿಯೊಂದಿಗೆ ಪರಿಹಾರದ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪರಿಹಾರದ ಮೊತ್ತ ಅಲ್ಪವೆಂದು ಅನೇಕರು ಅರ್ಜಿಯನ್ನೇ ಹಾಕುವುದಿಲ್ಲ. ಆಗ ಇಲಾಖೆಯ ಕಡತದಲ್ಲಿ ಆ ಊರಿಗೆ ಹಂದಿಯೇ ಬಂದಿಲ್ಲವೆಂದಾಗುತ್ತದೆ.

ಸಭೆಯಲ್ಲಿ ಉರುಳು ಮತ್ತು ಸಿಡಿಮದ್ದಿನ ಮಾತನ್ನು ಮುಚ್ಚಿಡಬಾರದು. ಹಂದಿಗೆಂದು ಬೇಲಿಗೆ ಕಟ್ಟಿದ ತಂತಿಯ ಉರುಳಿನಲ್ಲಿ ಚಿರತೆ ಸೊಂಟ ಸಿಕ್ಕಿ ನರಳಿ ಸಾಯುತ್ತದೆ, ಸಿಡಿಮದ್ದು ಕಚ್ಚಿದ ದನದ ದವಡೆ ಒಡೆಯುತ್ತದೆ. ಇವೆರಡನ್ನೂ ಊರೇ ನಿಲ್ಲಿಸುವುದಾಗಿ ಠರಾವಿನಲ್ಲಿ ಬರೆದುಕೊಡಿ. ಇದನ್ನು ಬರೆಯದ ಠರಾವಿಗೆ ನಾನಂತೂ ಸಹಿ ಹಾಕಲಾರೆ.

ಎರಡು ಗೊಂದಲಗಳನ್ನು ಮೊದಲೇ ಬಿಡಿಸಬೇಕು. ಕೊಡವರಿಗೂ ಕೊಡಗಿನ ಜಮ್ಮಾ ಎಂಬ ವಂಶಪಾರಂಪರ್ಯ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿಯ ಪರವಾನಗಿಗೆ ಸಂಬಂಧಿಸಿದ್ದು, ಬೇಟೆಗಲ್ಲ. ಪರವಾನಗಿಯಿದ್ದ ಕೋವಿಯಿಂದ ಹೊಡೆದರೂ ಅನುಮತಿಯಿಲ್ಲದ ಬೇಟೆ ಅಪರಾಧವೇ. ಹಾಗೆಯೇ, ಆತ್ಮರಕ್ಷಣೆಗಾಗಿ ಸದುದ್ದೇಶದಿಂದ ಕೊಂದದ್ದು ಅಪರಾಧವಲ್ಲದಿದ್ದರೂ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಮಾಂಸ ಹಂಚಿಕೊಂಡರೆ ಪ್ರಕರಣ ದಾಖಲಾಗುತ್ತದೆ.

ಠರಾವು ನಡಾವಳಿ ಪುಸ್ತಕದಲ್ಲಿ ದಾಖಲಾದುದನ್ನು ಕಣ್ಣಾರೆ ನೋಡಿ, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರಿಂದ ದೃಢೀಕೃತ ಪ್ರತಿ ಪಡೆದು, ಒಂದನ್ನು ಮುಖ್ಯ ವನ್ಯಜೀವಿ ಪರಿಪಾಲಕರಿಗೆ, ಇನ್ನೊಂದನ್ನು ಶಾಸಕರಿಗೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. ಮುಂದಿನ ಗ್ರಾಮಸಭೆಗೆ ಆ ರಸೀದಿಗಳನ್ನು ಒಯ್ದು, ಉತ್ತರವೇನು ಬಂತೆಂಬುದನ್ನೇ ಮೊದಲ ವಿಷಯವಾಗಿ ಎತ್ತಿಕೊಳ್ಳಿ.